ಹುಡುಗಿ ಸಿಕ್ಕಾಳ್ರಿ

ಗಂಗಾ ಕಳೆದುಹೋಗಿದ್ದು ಒಂದು ಮಧ್ಯಾಹ್ನದ ಮಟ್ಟಿಗೆ. ಅದೂ ಎಲ್ಲಿ ಅಂದರೆ, ಅವಳ ಅವ್ವ ಕೆಲಸ ಮಾಡುವ ಕ್ಯಾಂಟೀನಿನ ಉಗ್ರಾಣದೊಳಗೆ.

ದಸರಾ ರಜೆ ಅಂತ ಶಾಂಭವಿ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಒಂದು ಕಂಪನಿಯ ಕ್ಯಾಂಟೀನು. ಚಪಾತಿ ಲಟ್ಟಿಸುವುದು, ತಟ್ಟೆ ಜೋಡಿಸುವುದು ಅವಳ ಕೆಲಸ. ಊಟದ ಗದ್ದಲ ಮುಗಿಸಿ ನೋಡಿದರೆ ಹುಡುಗಿ ಇಲ್ಲ. ಮೆಟ್ಟಿಲು, ಲಿಫ್ಟು, ಗೇಟು, ಹೊರಗಿನ ಬಸ್ ಸ್ಟಾಪು ಎಲ್ಲ ಹುಡುಕಿದ್ದಾಯಿತು. ರಿಸೆಪ್ಷನ್ನಿನಲ್ಲಿ ಕೂರುವ ರುಕ್ಸಾರ್ ಅನ್ನೋ ಹುಡುಗಿಗೆ ಶಾಂಭವಿಯ ಅಳು ನೋಡಲಾಗಲಿಲ್ಲ. ಆಯುಧಪೂಜೆಯ ದಿನ ಆಫೀಸಿನ ಕ್ಯಾಮೆರಾದಲ್ಲಿ ತಾನೇ ತೆಗೆದಿದ್ದ ಫೋಟೋ ಇತ್ತು. ಹಳದಿ ಲಂಗ ತೊಟ್ಟ ಗಂಗಾ ಹಲ್ಲು ಬಿಟ್ಟು ನಗುತ್ತಿದ್ದಳು. ಅದನ್ನು ಹಾಕಿ, ಕೆಳಗೆ ಶಾಂಭವಿಯ ಮನೆಯ ಫೋನ್ ನಂಬರು ಬರೆದು, 'ಈ ಮಗು ಕಾಣೆಯಾಗಿದೆ, ಕಂಡರೆ ತಿಳಿಸಿ, ನಿಮಗೆ ಗೊತ್ತಿರೋರಿಗೆಲ್ಲ ಕಳಿಸಿ' ಅಂತ ಆಫೀಸಿನ ಎಲ್ಲರಿಗೂ ಇಮೇಲ್ ಹಾಕಿದಳು.

ಅದು ಹೋಗಿ ಸ್ವಲ್ಪ ಹೊತ್ತಿಗೆಲ್ಲ ಈರುಳ್ಳಿ ತರಲು ಉಗ್ರಾಣಕ್ಕೆ ಹೋದ ಅಡುಗೆಯವನ ಕಾಲಿಗೆ ಏನೋ ಮೆತ್ತಗೆ ತಾಗಿತು. ಅಕ್ಕಿ ಚೀಲಗಳ ಸಂದಿಯಲ್ಲಿ ಗಂಗಾ ಗೊರಕೆ ಹೊಡೆಯುತ್ತ ಮಲಗಿದ್ದಳು.

ಸಂಜೆ ವಿಷಯ ತಿಳಿದ ಅತ್ತೆ ಜಟ್ಟೆಮ್ಮ ಸೊಸೆಗೆ ಬೈದಳು, ಮೊಮ್ಮಗಳಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು, ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಎಲ್ಲರೂ ಹಾಗೇ ಅಂದುಕೊಂಡರು.

ಮನೆ ಅಂದರೆ ನಾಗವಾರಪಾಳ್ಯದ ಒಂದು ವಠಾರದಲ್ಲಿ ಎರಡು ಕೋಣೆ. ರಾಯಚೂರು ಕಡೆಯ ದೇವದುರ್ಗದಿಂದ ಮಗ ಭೀಮಾಶಂಕರ ಮೊದಲು ಬಂದ, ಆಮೇಲೆ ಹೆಂಡತಿಯನ್ನು ಕರೆಸಿಕೊಂಡ, ಕೂಸು ಹುಟ್ಟಿದ ಮೇಲೆ ಅವ್ವನನ್ನೂ. ಹೊಸ ಮನೆಗಳ ನೆಲಕ್ಕೆ ಮಷೀನು ಹೊಡೆದು ಪಾಲಿಶ್ ಮಾಡುವ ಕೆಲಸ ಅವನದು. ಕೆಲಸ ಇದ್ದಲ್ಲಿಂದ ಮೇಸ್ತ್ರಿ ಫೋನ್ ಮಾಡಿ ಕರೆಯಬೇಕು. ಅದಕ್ಕೇ ಮನೆಯಲ್ಲಿ ಒಂದು ಫೋನು. ಹಗಲೆಲ್ಲ ಮನೆಯಲ್ಲಿರುವವಳು ಜಟ್ಟೆಮ್ಮ ಒಬ್ಬಳೇ ಆದ್ದರಿಂದ ಅದನ್ನು ಎತ್ತುವವಳೂ ಅವಳೇ.

ಮುಂದಿನ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಆಕೆ ರೊಟ್ಟಿಯ ಜೊತೆ ತಿನ್ನುವ ಹಿಂಡಿಗೆಂದು, ಅಂದರೆ ಚಟ್ನಿಪುಡಿಗೆ, ಶೇಂಗಾ ಹುರಿಯುತ್ತಿದ್ದಳು. ಫೋನು ಬಂತು.

"ಹಲೋ, ನಿಮ್ಮ ಮಗು ಕಾಣೆಯಾಗಿದೆ ಅಂತ ನೋಡ್ದೆ..." ಯಾರೋ ಹೆಂಗಸಿನ ದನಿ.

"ಯಾವ ಕೂಸ್ರಿ?"

"ಗಂಗಾ ಅಂತ. ಹಳದಿ ಲಂಗ."

ಬೆಳಿಗ್ಗೆ ತಾನೇ ಜಡೆ ಹಾಕಿ ಶಾಲೆಗೆ ಕಳಿಸಿದ ಹುಡುಗಿ. ಜಟ್ಟೆಮ್ಮ ಫೋನು ಅಲ್ಲೇ ಬಿಸಾಕಿ, ಬರಿಗಾಲಲ್ಲಿ ಓಣಿಯ ಮೂಲೆಗೆ ಓಡಿ, ಶಾಲೆ ಹುಡುಗರನ್ನು ತರುವ ಆಟೋಕ್ಕಾಗಿ ನಿಂತಳು. ಬರುವ ಹೋಗುವ ಆಟೋಗಳಿಗೆಲ್ಲ ಇಣುಕಿದಳು. ಕೊನೆಗೆ ಕರೀಮನ ಆಟೋ ಬಂತು. ಹಲಸೂರಿನ ಕರೀಂ ಎರಡು ವರ್ಷದಿಂದ ಈ ಓಣಿಯ ಮಕ್ಕಳನ್ನು ಶಾಲೆಗೆ ಒಯ್ಯುವವನು. ಗಂಗಾ ಚೀಲ ಎಳೆದುಕೊಂಡು ಇಳಿದಳು.

"ಅಜ್ಜಿ, ಯಾಕೆ ಅಳ್ತಿದೀಯ?"

"ಏನಾಯ್ತಮ್ಮಾ?" ಕರೀಮನೂ ಇಳಿದು ಬಂದ.

"ಏನಿಲ್ಲಪ್ಪ. ಯಾರೋ ಏನೋ ಅಂದ್ರು." ಜಟ್ಟೆಮ್ಮ ಮೊಮ್ಮಗಳ ತಲೆ, ಕೈ, ಬೆನ್ನು ಮುಟ್ಟಿ ನೋಡಿದಳು. ಮನೆಗೆ ಬರುವಷ್ಟರಲ್ಲಿ ಶೇಂಗಾ ಸೀದು ಕರಕಲಾಗಿತ್ತು.

ಮರುದಿನ ಶಾಂಭವಿ ಆಫೀಸಿನಲ್ಲಿ ರುಕ್ಸಾರಳನ್ನು ಕೇಳಿಕೊಂಡು ಬಂದಳು. "ಅತ್ತಿ, ಹ್ವಾದ ವರ್ಷ ಕಳಿಸಿದ್ರಲ್ಲ ಇಮೇಲು, ಅದು ಇನ್ನಾ ತಿರಗಾಡಾಕ ಹತ್ತೈತಂತ."

"ತಿರಗಾಡಾಕ ಅದೇನ್ ಬಿಟ್ಟ ದನಾನ?"

"ಹಂಗಾ ಅಂತ್ರಿ. ಒಬ್ರು ನಾಕು ಮಂದಿಗೆ, ಅವ್ರು ಮತ್ತ ನಾಕು ಮಂದಿಗೆ."

"ಹುಡುಗಿ ಸಿಕ್ಕಳು ಅಂತ ಅವತ್ತೇ ಹೇಳಲಿಲ್ಲೇನು?"

"ಆಫೀಸಿನಾಗ ಹೇಳಿದ್ಲಂತ. ಅಷ್ಟೊತ್ತಿಗೆ ಅದು ಗೇಟು ದಾಟಿತ್ತು."

ಅಲ್ಲಿಂದ ಫೋನು ಬರುವುದು ಹೆಚ್ಚಾಯಿತು. ಇಂದಿರಾನಗರದಿಂದ, ಮೈಸೂರಿನಿಂದ, ಹೈದರಾಬಾದಿನಿಂದ, ಒಮ್ಮೆ ದುಬೈಯಿಂದ. ಜಟ್ಟೆಮ್ಮ ಓದಿದವಳಲ್ಲ. ಆದರೆ ರಾಯಚೂರು ಕಡೆಯವಳು. ಸಂತೆಗೆ ಬೇಕಾದಷ್ಟು ತೆಲುಗು, ಉರ್ದು ಬಾಯಲ್ಲಿತ್ತು. ಕನ್ನಡದವರಿಗೆ "ಹುಡುಗಿ ಸಿಕ್ಕಾಳ್ರಿ" ಅಂದಳು. ತೆಲುಗಿನವರಿಗೆ "ಪಾಪ ದೊರಿಕಿಂದಂಡಿ" ಅಂದಳು. ಹಿಂದಿಯವರಿಗೆ "ಬಚ್ಚಿ ಮಿಲ್ ಗಯೀ ಜೀ, ಘರಮೇಚ್ ಹೈ" ಅಂದಳು. ಇಂಗ್ಲಿಷಿನವರಿಗೆ ಮಾತ್ರ "ಗಂಗಾ ಹೋಮ್, ಗಂಗಾ ಹೋಮ್" ಅಂತ ಮೊಮ್ಮಗಳು ಕಲಿಸಿದಂತೆ ಹೇಳಿ ಇಡುತ್ತಿದ್ದಳು. ಕೆಲವರು ದೇವರು ದೊಡ್ಡವನು ಅನ್ನುತ್ತಿದ್ದರು. ಕೆಲವರು ಬೈಯುತ್ತಿದ್ದರು: ಸಿಕ್ಕಿದ ಮೇಲೆ ಯಾಕೆ ಜನರನ್ನು ಹೆದರಿಸ್ತೀರಿ ಅಂತ.

ನಿಜ ಹೇಳಬೇಕೆಂದರೆ ಜಟ್ಟೆಮ್ಮನಿಗೆ ಈ ಫೋನುಗಳು ಅಷ್ಟೇನೂ ಬೇಸರ ತರಲಿಲ್ಲ. ಊರಲ್ಲಾಗಿದ್ದರೆ ಕಟ್ಟೆಯ ಮೇಲೆ ಕೂತರೆ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ಮಧ್ಯಾಹ್ನ ಅಂದರೆ ಗೋಡೆ.

ಬೇಸರ ಆಗಿದ್ದು ಭೀಮಾಶಂಕರನಿಗೆ. ಕಲ್ಯಾಣ ನಗರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ನೆಲದ ಕೆಲಸ ಅವನಿಗೆ ಬರಬೇಕಿತ್ತು. ಮೇಸ್ತ್ರಿ ಬೆಳಿಗ್ಗೆಯಿಂದ ಫೋನು ಹಚ್ಚಿದ್ದಾನೆ, ಹಚ್ಚಿದಾಗೆಲ್ಲ ಲೈನು ಬಿಜಿ. ಬೇಸತ್ತು ಬೇರೆಯವರನ್ನು ಕರೆದುಕೊಂಡು ಹೋದ. ಅವತ್ತು ಭೀಮಾಶಂಕರ ಊಟಕ್ಕೆ ಕೂತಾಗ ರೊಟ್ಟಿ ಮುರಿದ ಸದ್ದಿನಲ್ಲೇ ಸಿಟ್ಟಿತ್ತು.

"ನಂಬರ್ ಬದಲಿ ಮಾಡ್ಸೂನು," ಅಂದ.

"ಮಾಡಿಸಿದ್ರ ಮೇಸ್ತ್ರಿಗಳಿಗೆಲ್ಲ ಹೊಸಾ ನಂಬರ್ ಹ್ಯಾಂಗ ಮುಟ್ಟಿಸ್ತೀರಿ?" ಶಾಂಭವಿ ಪಲ್ಯ ಬಡಿಸುತ್ತ ಕೇಳಿದಳು.

"ಈಗೇನು ಮುಟ್ಟಾಕ ಹತ್ತೈತಿ? ಎಲ್ಲಾ ನಿಮ್ಮ ಆಫೀಸಿಂದ ಆಗಿದ್ದು. ಕೂಸಿನ ಫೋಟೋ ಕೊಡು ಅಂದ್ರ ಕೊಟ್ಟಬಿಡೂದಾ?"

"ನಾ ಎಲ್ಲಿ ಕೊಟ್ಟೆ? ನನ್ನ ಕೂಸು ಕಾಣವಲ್ದು ಅಂತ ನಾ ಅಳಾಕ ಹತ್ತಿದ್ದೆ. ಆ ಹುಡುಗಿ ಒಳ್ಳೇದು ಮಾಡಾಕ ಹ್ವಾದ್ಲು."

"ಒಳ್ಳೇದು! ಆ ಒಳ್ಳೇದನ್ನ ತಿಂದು ಹೊಟ್ಟಿ ತುಂಬಿಸ್ಕೊಳ್ಳೂನು ಏನು?"

ಜಟ್ಟೆಮ್ಮ ಮಧ್ಯೆ ಬಾಯಿ ಹಾಕಿದಳು. "ಯಾರರ ಕೇಳಿದ್ರ ಒಂದು ಮಾತು ಹೇಳೂದು ನಮಗೇನು ಭಾರ, ಭೀಮ್ಯಾ? ಅವ್ರಿಗೂ ಜೀವ ಹಗುರಾಗ್ತೈತಿ."

"ನಿನಗ ಮಾತು ಬೇಕು, ಅದಕ್ಕ ಹಂಗಂತಿ!" ಅಂದವನೇ ಎದ್ದು ಹೋಗಿ ಗೋಡೆಯಿಂದ ಫೋನಿನ ವೈರು ಕಿತ್ತ. "ಇನ್ನ ನಾ ಮನ್ಯಾಗ ಇದ್ದಾಗ ಅಷ್ಟಾ ಹಾಕೂದು."

ಆ ಮಾತು ಜಟ್ಟೆಮ್ಮನಿಗೆ ನಾಟಿತು. ಎರಡು ದಿನ ಮಗನ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾತ್ರ ಬಿಸಿ ಬಿಸಿ ತಟ್ಟಿ ತಟ್ಟೆಗೆ ಹಾಕಿದಳು.

ಅದೇ ವಾರ ರುಕ್ಸಾರ್ ಆ ಇಮೇಲಿನ ಪ್ರಿಂಟು ತೆಗೆದು ಶಾಂಭವಿಯ ಕೈಗೆ ಕೊಟ್ಟು, ಓದಿ ಅರ್ಥ ಹೇಳಿದಳು. ತಾನು ಬರೆದಿದ್ದ ಎರಡು ಸಾಲಿನ ಮೇಲೆ ಕೆಳಗೆ ಯಾರ್ಯಾರೋ ಸೇರಿಸಿಕೊಂಡು ಹೋಗಿ ಅದು ಒಂದು ಪುಟವಾಗಿತ್ತು. ಗಡ್ಡ ಬಿಟ್ಟ ಆಟೋದವನೊಬ್ಬ ಮಗುವನ್ನು ಕರೆದುಕೊಂಡು ಹೋಗಿದ್ದನ್ನು ಕಂಡವರಿದ್ದಾರಂತೆ. ಮಕ್ಕಳ ಕಿಡ್ನಿ ಕದಿಯುವ ಗುಂಪಂತೆ. ಇದನ್ನು ಅಳಿಸಿ ಹಾಕುವವರಿಗೆ ಹೃದಯವೇ ಇಲ್ಲವಂತೆ.

"ನಾನು ಇದನ್ನೆಲ್ಲ ಬರ್ದಿಲ್ಲ ಶಾಂಭವಿ ಅಕ್ಕ, ಪ್ರಾಮಿಸ್," ಅಂದಳು ರುಕ್ಸಾರ್. ಶಾಂಭವಿ ಮನೆಗೆ ಬಂದು ಅತ್ತೆಗೆ ಹೇಳಿದಳು. ಗಂಡನಿಗೆ ಹೇಳಲಿಲ್ಲ, ಮತ್ತೆ ಜಗಳ ಯಾಕೆ ಅಂತ.

ಶ್ರಾವಣದ ಒಂದು ಮಧ್ಯಾಹ್ನ ಪೊಲೀಸಿನವನೊಬ್ಬ ಮೋಟಾರ್ ಸೈಕಲ್ಲಿನಲ್ಲಿ ವಠಾರಕ್ಕೆ ಬಂದ. "ಗಂಗಾ ಅನ್ನೋ ಹುಡುಗಿ ಮನೆ ಇದೇನಾ? ಸ್ಟೇಷನ್‌ಗೆ ಬರ್ಬೇಕು. ಮಗು ಚೆನ್ನಾಗಿದೆ, ಗಾಬರಿ ಆಗ್ಬೇಡಿ." ಪಕ್ಕದ ಮನೆಯಾಕೆ ಜೊತೆಗೆ ಬಂದಳು. ಇಬ್ಬರೂ ಆಟೋ ಹಿಡಿದರು. ದಾರಿಯುದ್ದಕ್ಕೂ ಜಟ್ಟೆಮ್ಮ ಊರ ದೇವರ ಹೆಸರನ್ನೆಲ್ಲ ಹೇಳುತ್ತಿದ್ದಳು.

ಸ್ಟೇಷನ್ನಿನಲ್ಲಿ ಗಂಗಾ ಒಂದು ಕುರ್ಚಿಯ ಮೇಲೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಕೂತಿದ್ದಳು. ತಿಂದಿರಲಿಲ್ಲ. ಎದುರಿನ ಬೆಂಚಿನಲ್ಲಿ ಕರೀಂ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ಅಂಗಿ ಹರಿದಿತ್ತು, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ. ಅವನ ಆಟೋದ ಉಳಿದ ಮಕ್ಕಳನ್ನು ಆಗಲೇ ಮನೆಯವರು ಬಂದು ಕರೆದುಕೊಂಡು ಹೋಗಿದ್ದರು.

"ಯಪ್ಪಾ ಕರೀಂ, ಯಾರು ಹೊಡದ್ರೋ?"

ಪಕ್ಕದಲ್ಲಿ ನಿಂತಿದ್ದ ನೆರೆತ ಕೂದಲಿನ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟ ಹಿರಿಯರೊಬ್ಬರು ಮುಂದೆ ಬಂದರು. ಕುಕ್ ಟೌನಿನ ಆದಿನಾರಾಯಣ, ರಿಟೈರಾದ ಮೇಷ್ಟ್ರು. ಅವರ ಕೈಯಲ್ಲಿ ಅದೇ ಇಮೇಲಿನ ಪ್ರಿಂಟು. "ಹಳೆ ಮದ್ರಾಸ್ ರೋಡಿನ ಸಿಗ್ನಲ್ಲಲ್ಲಿ ನನ್ನ ಕಾರಿನ ಪಕ್ಕಕ್ಕೇ ಆಟೋ ನಿಂತಿತ್ತಮ್ಮ. ಈ ಕಾಗದ ಕಾರಲ್ಲೇ ಇತ್ತು. ನೋಡ್ತೀನಿ, ಇದೇ ಮಗು. ಡ್ರೈವರಿಗೆ ಗಡ್ಡ ಬೇರೆ. ಇಳಿದು ಕೇಳ್ದೆ ಅಷ್ಟೇ. ಅಷ್ಟರಲ್ಲಿ ಜನ ಸೇರ್ಬಿಟ್ರು. ನಾನು ಹೊಡೀಬೇಡಿ ಅಂದೆ, ಯಾರು ಕೇಳ್ತಾರೆ..."

"ಇಂವ ನಮ್ಮ ಕರೀಂ ರೀ! ದಿನಾ ಕೂಸನ್ನ ಸಾಲಿಗೆ ಒಯ್ಯಾಂವ!"

"ನಾನು ಹೇಳ್ದೆ ಅಜ್ಜಿ," ಗಂಗಾ ಕುರ್ಚಿಯಿಂದ ಇಳಿದು ಬಂದಳು. "ಇವರು ಕರೀಂ ಅಂಕಲ್, ನಮ್ಮನೆಯವರೇ ಕಳ್ಸೋದು ಅಂತ ಎಷ್ಟು ಸಲ ಹೇಳ್ದೆ. ಪಾಪ, ಹೆದರ್ಕೊಂಡಿದಾಳೆ, ಹೇಳ್ಕೊಟ್ಟಿದ್ದನ್ನ ಹೇಳ್ತಿದಾಳೆ ಅಂದ್ರು."

ಆದಿನಾರಾಯಣರ ಮುಖ ಸಣ್ಣದಾಯಿತು. "ಈ ನಂಬರಿಗೆ ಫೋನ್ ಮಾಡ್ದೆನಮ್ಮ. ಅಲ್ಲೇ ಬೂತಿನಿಂದ, ಮೇಲಿಂದ ಮೇಲೆ ಮಾಡ್ದೆ. ಯಾರಾದ್ರೂ ಎತ್ತಿ ಒಂದ್ ಮಾತು ಹೇಳಿದ್ರೆ ಅಲ್ಲೇ ಮುಗಿದು ಹೋಗೋದು. ಯಾರೂ ಎತ್ತಲೇ ಇಲ್ಲ."

ಗೋಡೆಯಿಂದ ಕಿತ್ತ ವೈರು ನೆನಪಾಗಿ ಜಟ್ಟೆಮ್ಮ ಕರೀಮನ ಪಕ್ಕ ಬೆಂಚಿನ ಮೇಲೆ ಕೂತಳು.

ಸಂಜೆ ಭೀಮಾಶಂಕರ ಬಂದ. ಅವ್ವ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಫೋನಿನ ಮಾತನ್ನೂ ಬಿಡಲಿಲ್ಲ, ಹಾಗಂತ ಒತ್ತಿಯೂ ಹೇಳಲಿಲ್ಲ. ಅವನು ಕೈಕಾಲು ತೊಳೆಯದೆ ಹಾಗೇ ಹೊಸ್ತಿಲಲ್ಲಿ ಕೂತ. ಆಮೇಲೆ ಎದ್ದು ವೈರನ್ನು ಗೋಡೆಗೆ ಸಿಕ್ಕಿಸಿದ. ಎತ್ತಿ ಕಿವಿಗಿಟ್ಟು ದನಿ ಬರುತ್ತಿದೆಯೇ ನೋಡಿದ. ಗಂಗಾ ಹತ್ತಿರ ಹೋಗಿ ಅವನ ತೋಳಿಗೆ ಒರಗಿದಳು.

"ನಿಂಗ ಯಾರರ ಹೊಡದ್ರೇನು?"

"ಇಲ್ಲಪ್ಪ. ಎಲ್ರೂ ಚಾಕ್ಲೇಟ್ ಕೊಟ್ರು."

ಮರುದಿನ ತಾಯಿ ಮಗ ಇಬ್ಬರೂ ಹಲಸೂರಿಗೆ ಹೋದರು. ಕರೀಮನ ಕೈಗೆ ಮೊಣಕೈವರೆಗೂ ಪಟ್ಟಿ ಹಾಕಿದ್ದರು. ಅವನ ಹೆಂಡತಿ ಶಮೀಮ್ ಬಾಗಿಲಲ್ಲೇ ನಿಂತಳು.

"ಈಗ ಬಂದ್ರಾ? ಬನ್ನಿ, ನೋಡಿ. ನಿಮ್ ಹುಡ್ಗಿ ಕಳ್ದೇ ಇಲ್ಲ. ನಮ್ ಮನೆಯವ್ರ ಕೈ ಮಾತ್ರ ಮುರೀತು."

ಭೀಮಾಶಂಕರ ತಲೆ ತಗ್ಗಿಸಿ ನಿಂತ. "ಹೌದ್ರಿ. ತಪ್ಪು ನಂದು. ಫೋನಿನ ವೈರು ಕಿತ್ತಾಂವ ನಾನು."

"ಶಮೀಮ್, ಒಳಗೆ ಕರಿ," ಒಳಗಿನಿಂದ ಕರೀಂ ಅಂದ. "ಅಮ್ಮಾ, ಕೂತ್ಕೊಳ್ಳಿ. ನೋವು ಕೈದಲ್ಲ. ನೆನ್ನೆ ಸಂಜೆಯಿಂದ ಒಬ್ಬೊಬ್ರೇ ಬಂದು ಹೇಳ್ತಿದಾರೆ, ನಾಳೆಯಿಂದ ಮಕ್ಕಳನ್ನ ಕಳ್ಸಲ್ಲ ಅಂತ. ಅಂಜನಮೂರ್ತಿ ಸಾರ್ ಮೊದ್ಲು ಬಂದಿದ್ದು. ಬೆಂಕಿ ಇಲ್ದೆ ಹೊಗೆ ಬರುತ್ತಾ ಅಂದ್ರು. ಅವರ ಮಗನ ಕೈ ಹಿಡಿದು ರಸ್ತೆ ದಾಟ್ಸಿದೋನು ನಾನು."

ವಾಪಸು ಬರುವಾಗ ಬಸ್ಸಿನಲ್ಲಿ ಜಟ್ಟೆಮ್ಮ ಮಗನಿಗೆ ಅಂದಳು: "ಕೈ ಕೂಡ್ತೈತಿ. ಹೆಸರು ಹ್ಯಾಂಗ ಕೂಡಿಸ್ತಿ, ಅದನ್ನ ಹೇಳು."

ಭಾನುವಾರ ಶಾಂಭವಿ ರುಕ್ಸಾರಳನ್ನು ಮನೆಗೆ ಕರೆದಳು. ಜಟ್ಟೆಮ್ಮ ಮಂಡಕ್ಕಿ ನೆನೆಸಿ ಸೂಸಲ ಮಾಡಿ ಮಿರ್ಚಿ ಬಜ್ಜಿ ಕರಿದಳು. ಎಲ್ಲರೂ ನೆಲದ ಮೇಲೆ ಕೂತರು. ರುಕ್ಸಾರ್ ಮಿರ್ಚಿ ಮುಟ್ಟಲಿಲ್ಲ.

"ಎಲ್ಲ ನನ್ನಿಂದಾನೇ ಅಜ್ಜಿ."

"ತಿನ್ನು ಮೊದಲ. ಆರಿದ ಮಿರ್ಚಿ ನಾಯೀನೂ ತಿನ್ನಂಗಿಲ್ಲ."

ತಿಂದ ಮೇಲೆ ರುಕ್ಸಾರ್ ತನ್ನ ಯೋಚನೆ ಹೇಳಿದಳು. ಇನ್ನೊಂದು ಇಮೇಲ್ ಕಳಿಸೋಣ. ಗಂಗಾ, ಕರೀಂ ಭಾಯ್ ಇಬ್ಬರೂ ಆಟೋದಲ್ಲಿ ಕೂತಿರೋ ಹೊಸ ಫೋಟೋ ಹಾಕೋಣ. ಮಗು ಸಿಕ್ಕಿದೆ, ಇವರೇ ದಿನಾ ಶಾಲೆಗೆ ಬಿಡೋರು ಅಂತ ಬರೆಯೋಣ.

"ಫೋಟೋ ಬ್ಯಾಡ," ಅಂದ ಭೀಮಾಶಂಕರ. "ಒಂದು ಫೋಟೋ ಇಷ್ಟು ಮಾಡೈತಿ. ಮತ್ತೊಂದು ಹೋಗಿ ಏನು ಮಾಡ್ತೈತೋ."

"ಸುಳ್ಳಿಗೆ ಮಾತ್ರ ನನ್ನ ಮಗಳ ಮುಖ ಬೇಕು, ಖರೇ ಮಾತಿಗೆ ಬ್ಯಾಡೇನು?" ಶಾಂಭವಿ ಬಿಡಲಿಲ್ಲ.

"ಇವತ್ತು ಖರೇ ಅಂತ ಕಳಿಸ್ತಿ. ನಾಳೆ ಅದರ ಕೆಳಗ ಯಾವನರ ಮತ್ತೇನರ ಬರದ್ರ?"

ಗಂಗಾ ಸೂಸಲದಲ್ಲಿಯ ಪುಟಾಣಿ ಹಿಟ್ಟು ನೆಕ್ಕುತ್ತ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು.

"ನಮ್ಮ ನಂಬರು ಹೆಂಗೂ ಊರೆಲ್ಲಾ ಐತಿ," ಜಟ್ಟೆಮ್ಮ ಅಂದಳು. "ಫೋಟೋ ಬ್ಯಾಡ. ನಂಬಿಕಿ ಬರದಿದ್ರ ಫೋನ್ ಮಾಡ್ರಿ, ಅಜ್ಜಿ ಮಾತಾಡ್ತಾಳ ಅಂತ ಬರಿ. ನಾ ಮನ್ಯಾಗ ಇರ್ತೀನಿ. ಇನ್ನೊಂದು ಮಾತು ಬರಿ. ಆ ಸುಳ್ಳ ನಿಮಗ ಯಾರು ಕಳಿಸಿದ್ರೋ, ಮೊದಲ ಅವರಿಗೇ ಇದನ್ನ ಹೊಳ್ಳಿ ಕಳಸ್ರಿ ಅಂತ. ಬಂದ ದಾರೀಲೇ ಹೋಗಲಿ ಅದು."

ಭೀಮಾಶಂಕರ, "ಕರೀಂ ಹೆಸರು ಹಾಕಬೇಕಂದ್ರ ಅವನ್ನ ಕೇಳಬೇಕು," ಅಂದ. ತಾನೇ ಹೋಗಿ ಕೇಳಿಕೊಂಡು ಬಂದ. ಹಾಕಿ, ನಾಚಿಕೆ ಪಡೋ ಕೆಲಸ ನಾನೇನೂ ಮಾಡಿಲ್ಲ ಅಂದಿದ್ದ ಕರೀಂ.

ರುಕ್ಸಾರ್ ಬರೆದಳು. ಮಗು ಸಿಕ್ಕಿದೆ. ಅವಳು ಎಲ್ಲಿಗೂ ಹೋಗಿರಲಿಲ್ಲ, ಅಕ್ಕಿ ಚೀಲದ ಹಿಂದೆ ಮಲಗಿದ್ದಳು. ಆಟೋದವನ ಮಾತು ಸುಳ್ಳು, ಕಿಡ್ನಿಯ ಮಾತು ಸುಳ್ಳು. ಆ ಸುಳ್ಳಿನಿಂದ ಕರೀಂ ಅನ್ನೋ ಒಳ್ಳೆಯ ಮನುಷ್ಯನ ಕೈ ಮುರಿದಿದೆ. ಹೀಗೆ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು.

ಕಳಿಸಿ ವಾರ ಕಳೆದರೂ ಅದು ಮೊದಲಿನದರ ಹಾಗೆ ಓಡಲಿಲ್ಲ. ರುಕ್ಸಾರ್ ಸೋತ ದನಿಯಲ್ಲಿ ಫೋನು ಮಾಡಿದಳು. "ಯಾರೂ ಫಾರ್ವರ್ಡ್ ಮಾಡ್ತಿಲ್ಲ ಅಜ್ಜಿ. ಓದ್ತಾರೆ, ಸುಮ್ನಾಗ್ತಾರೆ."

"ಹಾಲು ಉಕ್ಕಿದ್ರ ಓಣಿಗೆಲ್ಲಾ ವಾಸನಿ. ಉಕ್ಕದಿದ್ರ ಯಾರಿಗೆ ಗೊತ್ತಾಗಬೇಕು, ತಂಗಿ? ನೀ ಕಳಿಸ್ತಾ ಇರು."

ಜಟ್ಟೆಮ್ಮ ಮಾತ್ರ ಹಿಡಿದ ಕೆಲಸ ಬಿಡಲಿಲ್ಲ. ಯಾರು ಫೋನು ಮಾಡಲಿ, ಹುಡುಗಿ ಸಿಕ್ಕಾಳ್ರಿ ಅಂತ ಹೇಳಿ ಇಡುತ್ತಿರಲಿಲ್ಲ ಈಗ. "ನಿಮಗ ಇದನ್ನ ಯಾರು ಕಳಿಸಿದ್ರು? ತಮ್ಮ ಏನು? ಹಂಗಾರ ತಮ್ಮಗ ಈಗಲೇ ಹೇಳ್ರಿ. ಇಲ್ಲ, ಈಗಲೇ. ನಾಳಿ ಅಂದ್ರ ಮರೀತೀರಿ." ಕೆಲವರು ನಕ್ಕರು. ಕೆಲವರು ಅರ್ಧಕ್ಕೇ ಇಟ್ಟರು. ಒಬ್ಬಾತ ಮರುದಿನ ಮತ್ತೆ ಫೋನು ಮಾಡಿ, "ಹೇಳ್ದೆ ಅಜ್ಜಿ, ಅವನಿಗೆ ಬಾಸ್ ಕಳ್ಸಿದ್ನಂತೆ, ಬಾಸ್‌ಗೂ ಹೇಳಿದಾನೆ" ಅಂತ ವರದಿ ಒಪ್ಪಿಸಿದ.

ಮನೆಯ ಕೆಲಸವೂ ಬದಲಾಯಿತು. ಬೆಳಿಗ್ಗೆ ಶಾಂಭವಿ ಮಗಳನ್ನು ಬಸ್ಸಿನಲ್ಲಿ ಶಾಲೆಗೆ ಬಿಟ್ಟು ಅಲ್ಲಿಂದ ಕ್ಯಾಂಟೀನಿಗೆ ಓಡಬೇಕು. ಮಧ್ಯಾಹ್ನ ಕರೆತರಲು ಜಟ್ಟೆಮ್ಮ ಹೋಗಬೇಕು. ಆ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ಫೋನಿನ ಹತ್ತಿರ ಬಟಾಣಿ ಸುಲಿಯುತ್ತ ಕೂರುತ್ತಿದ್ದಳು. ಭೀಮಾಶಂಕರ ಮೇಸ್ತ್ರಿಗಳಿಗೆಲ್ಲ ಮೂಲೆ ಅಂಗಡಿಯ ನಂಬರು ಕೊಟ್ಟ. ಅಂಗಡಿಯವನು ಕೂಗಿ ಕರೆಯುತ್ತಿದ್ದ. ಬಟ್ಟೆ ಒಗೆಯುವುದು ರಾಶಿ ಬಿದ್ದಾಗ ಭೀಮಾಶಂಕರನೇ ಒಂದು ದಿನ ಕಲ್ಲಿನ ಮುಂದೆ ಕೂತ. ವಠಾರದವರು ನಕ್ಕರು, ಅವನೂ ನಕ್ಕ.

ಒಂದು ಸಂಜೆ ಆದಿನಾರಾಯಣ ಸೇಬಿನ ಹಣ್ಣಿನ ಚೀಲ ಹಿಡಿದುಕೊಂಡು ಬಂದರು. ಕರೀಮನ ಆಸ್ಪತ್ರೆ ಖರ್ಚು ಅವರೇ ನೋಡಿಕೊಂಡಿದ್ದರು. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ.

"ನಾನು ಕಳಿಸಿದ್ದ ಎಲ್ಲರಿಗೂ ಸುಳ್ಳು ಅಂತ ಬರೆದೆ ಅಮ್ಮ. ಅದರಲ್ಲಿ ನನ್ನ ಸ್ನೇಹಿತ ಒಬ್ಬ ನನಗೇ ಬೈದ. ಒಳ್ಳೆ ಉದ್ದೇಶದಿಂದ ಕಳ್ಸಿದ್ದಕ್ಕೆ ಯಾಕೆ ತಲೆ ಕೆಡಿಸ್ಕೋತೀಯಾ ಅಂತಾನೆ."

"ಬೈದ್ರ ಬೈಸ್ಕೋರಿ. ಕರೀಂ ಹೊಡಸ್ಕೊಂಡಾನ," ಅಂದಳು ಜಟ್ಟೆಮ್ಮ. ಚಹಾ ಕೊಟ್ಟಳು. "ಹಣ್ಣು ಕೂಸು ತಿಂತೈತಿ. ನೀವು ಒಂದು ಕೆಲಸ ಮಾಡ್ರಿ. ಬರೂ ಭಾನುವಾರ ನನ್ನ ಮಗನ ಜೋಡಿ ನಾಕು ಮನಿಗೆ ಬರ್ರಿ."

ಹಾಗೆ ಅವರು ಹೊರಟರು: ಭೀಮಾಶಂಕರ, ಆದಿನಾರಾಯಣ, ಗಂಗಾಳ ಕೈ ಹಿಡಿದುಕೊಂಡು ಜಟ್ಟೆಮ್ಮ. ಕರೀಮನ ಆಟೋ ಬಿಟ್ಟವರ ಮನೆಗಳಿಗೆ. ಒಂದು ಮನೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ಯೋಚನೆ ಮಾಡ್ತೀವಿ ಅಂದರು. ಇನ್ನೊಂದು ಮನೆಯಲ್ಲಿ ಕಿಟಕಿಯಿಂದಲೇ ಮಾತಾಡಿದರು. ಅಂಜನಮೂರ್ತಿ ಗೇಟು ತೆಗೆಯದೆ ಆಚೆ ನಿಂತು ವಾದ ಮಾಡಿದ.

"ನೀವೇ ತಾನೇ ಸಾರ್ ಹಿಡ್ಕೊಟ್ಟಿದ್ದು? ಈಗ ನೀವೇ ಬಿಡಿಸ್ತೀರಾ?"

"ಹೌದು, ಹಿಡ್ಕೊಟ್ಟಿದ್ದು ನಾನೇ," ಅಂದರು ಆದಿನಾರಾಯಣ. "ಅದು ತಪ್ಪು ಅಂತ ಹೇಳೋಕೆ ನನಗಿಂತ ಸರಿಯಾದವರು ಯಾರಿದಾರೆ ಹೇಳಿ."

"ನಾಳೆ ನನ್ನ ಮಗನಿಗೆ ಏನಾದ್ರೂ ಆದ್ರೆ?"

ಭೀಮಾಶಂಕರ ಮಗಳ ಹೆಗಲ ಮೇಲೆ ಕೈ ಇಟ್ಟ. "ನಿಮ್ಮ ಮಗನಿಗೆ ಅಂತೀರಿ. ಆ ಕಾಗದದಾಗ ಇರಾಕಿ ನನ್ನ ಮಗಳು ಸಾರ್. ಕರೀಂ ಕೈ ನೆಟ್ಟಗಾದ ದಿನ ಅವನ ಆಟೋದಾಗ ಮೊದಲ ಹತ್ತಾಕಿನೂ ಇಕೀನ."

ಅಂಜನಮೂರ್ತಿ ಒಳಗೆ ಹೋದ. ಗೇಟಿನ ಸಂದಿಯಿಂದ ಅವನ ಮಗ ಗಂಗಾಳಿಗೆ ನಾಲಿಗೆ ಚಾಚಿದ. ಅವಳೂ ಚಾಚಿದಳು.

ಗಣೇಶನ ಹಬ್ಬ ಮುಗಿದ ಮೇಲೆ ಫೋನುಗಳು ಕಡಿಮೆಯಾಗತೊಡಗಿದವು. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಒಂದು ಬಂತು. ಈ ಸಲ ಭೀಮಾಶಂಕರನೇ ಎದ್ದು ಎತ್ತಿದ. ಆ ಕಡೆ ಯಾರೋ ಮುದುಕಿ. ಶಿರಸಿ ಕಡೆಯವಳಂತೆ, ಮೊಮ್ಮಗ ಕಂಪ್ಯೂಟರಿನಲ್ಲಿ ತೋರಿಸಿದ ಫೋಟೋ ನೋಡಿ ಬೇಸಿಗೆಯಿಂದ ದಿನಾ ದೇವರ ಮುಂದೆ ಈ ಹುಡುಗಿಯ ಹೆಸರಲ್ಲಿ ಒಂದು ದೀಪ ಹಚ್ಚುತ್ತಿದ್ದಳಂತೆ. ಕೇಳಲು ಧೈರ್ಯವಾಗದೆ ಇಷ್ಟು ದಿನ ಫೋನು ಮಾಡಿರಲಿಲ್ಲವಂತೆ.

"ಒಂದು ನಿಮಿಷ ಇರ್ರಿ ಅಮ್ಮಾರ," ಅಂತ ಹೇಳಿ ಭೀಮಾಶಂಕರ ಫೋನನ್ನು ಮಗಳಿಗೆ ಕೊಟ್ಟ.

"ಹಲೋ, ನಾನೇ ಗಂಗಾ," ಅಂದಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡು. "ಊಟ ಮಾಡ್ತಿದೀನಿ. ಬದ್ನೇಕಾಯಿ. ನಂಗೆ ಇಷ್ಟ ಇಲ್ಲ." ಆಮೇಲೆ ಕೇಳಿಸಿಕೊಂಡು, "ಹ್ಞೂಂ ಅಜ್ಜಿ. ತಿಂತೀನಿ. ಆದ್ರೆ ನೀವು ಅಳ್ಬೇಡಿ," ಅಂದಳು.

ಜಟ್ಟೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭೀಮಾಶಂಕರ ಬಂದು ಅವಳ ಪಕ್ಕದಲ್ಲೇ ಕೂತ. "ಯವ್ವಾ, ಅವತ್ತು ಬಾಯಿಗೆ ಬಂದಂಗ ಅಂದೆ," ಅಂದ. "ಉಣ್ಣು, ಆರತೈತಿ," ಅಂದಳು ಅವಳು.

ದಸರೆಗೆ ಮುಂಚೆ ಕರೀಮನ ಕೈಯ ಪಟ್ಟಿ ಬಿಚ್ಚಿದರು. ಮೊದಲ ದಿನ ಆಟೋದಲ್ಲಿ ಗಂಗಾ ಒಬ್ಬಳೇ. ಪಕ್ಕದಲ್ಲಿ ಭೀಮಾಶಂಕರ, ಕೈಗೆ ಇನ್ನೂ ಬಲ ಸಾಲದು ಅಂತ ನೆಪ ಹೇಳಿಕೊಂಡು. ಶಮೀಮ್ ಗಂಡನ ಊಟದ ಡಬ್ಬಿಯ ಜೊತೆ ಗಂಗಾಳಿಗೂ ಒಂದು ಪುಟ್ಟ ಡಬ್ಬಿಯಲ್ಲಿ ಶಾವಿಗೆ ಕಳಿಸಿದ್ದಳು. ಮಜ್ಜಿಗೆ ಕೊಟ್ಟವರ ಮನೆಯ ಹುಡುಗಿ ಎರಡು ದಿನ ಬಿಟ್ಟು ಹ‍ತ್ತಿದಳು. ಕಿಟಕಿಯಿಂದ ಮಾತಾಡಿದವರ ಹುಡುಗ ಆಮೇಲಿನ ವಾರ. ಎಲ್ಲರೂ ಬರಲಿಲ್ಲ, ಕೆಲವರು ಬೇರೆ ಆಟೋ ಹಿಡಿದವರು ಅಲ್ಲೇ ಉಳಿದರು.

ಒಂದು ಬೆಳಿಗ್ಗೆ ಜಟ್ಟೆಮ್ಮ ಮೊಮ್ಮಗಳನ್ನು ಹತ್ತಿಸಲು ಓಣಿಯ ಮೂಲೆಗೆ ಬಂದಾಗ ಅಲ್ಲಿ ಅಂಜನಮೂರ್ತಿ ಮಗನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕರೀಂ ಆಟೋ ನಿಲ್ಲಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಅದು ಸುಳ್ಳು ಅಂತ ಗೊತ್ತಾಯ್ತು ಕರೀಂ ಭಾಯ್," ಅಂದ ಅಂಜನಮೂರ್ತಿ, ಕಣ್ಣು ಬೇರೆ ಕಡೆ ಇಟ್ಟು.

"ನಂಗೆ ಮೊದ್ಲೇ ಗೊತ್ತಿತ್ತು ಸಾರ್," ಅಂದ ಕರೀಂ.

ಹುಡುಗ ಕಾಯಲಿಲ್ಲ. ಅಪ್ಪನ ಹೆಗಲಿನಿಂದ ಚೀಲ ಎಳೆದುಕೊಂಡು ಒಳಗೆ ನುಗ್ಗಿ, ಅಂಚಿನ ಸೀಟು ತನ್ನದು ಅಂತ ಗಂಗಾಳನ್ನು ತಳ್ಳಿದ. ಅವಳು ಬಿಡಲಿಲ್ಲ. ಒಳಗೆ ಕಿತ್ತಾಟ ಶುರುವಾಯಿತು.

"ಏಯ್, ಸುಮ್ನೆ ಕೂತ್ಕೊಳ್ರೋ ಇಬ್ರೂ!" ಕರೀಂ ತಿರುಗಿ ಗದರಿಸಿ, ಬಲಗೈಯಿಂದ ಆಕ್ಸಿಲರೇಟರ್ ತಿರುವಿದ.